ಆರು ಸೆಕೆಂಡಿಗೆ ಒಂದೇ ಉಸಿರು

ಹೈದರಾಬಾದಿನ ಬೇಗಂ ಬಜಾರಿನ ಸಗಟು ಅಂಗಡಿಗಳ ಸಾಲು ದಾಟಿ ಮೂಸಿ ನದಿಯ ಕಡೆ ನಡೆದರೆ ಅಫ್ಜಲ್‌ಗಂಜ್, ಅಲ್ಲೇ ಉಸ್ಮಾನಿಯಾ ಆಸ್ಪತ್ರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನವರಿಗೂ ಅದು ರಾಜಧಾನಿಯ ದೊಡ್ಡ ದವಾಖಾನೆ. ಅದಕ್ಕೂ ಹಿಂದಿನ ಅಫ್ಜಲ್‌ಗಂಜ್ ಆಸ್ಪತ್ರೆಯ ಕಾಲದಲ್ಲಿ, ಸರ್ಜನ್ ಎಡ್ವರ್ಡ್ ಲಾರಿ ಜಗತ್ತಿನ ವೈದ್ಯರನ್ನೆಲ್ಲ ಕಾಡಿದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರು. ಶಸ್ತ್ರಚಿಕಿತ್ಸೆಗೆಂದು ಪ್ರಜ್ಞೆ ತಪ್ಪಿಸಲು ಕೊಡುತ್ತಿದ್ದ ಕ್ಲೋರೋಫಾರ್ಮ್ ಹೆಚ್ಚಾದರೆ ಮೊದಲು ನಿಲ್ಲುವುದು ಎದೆಬಡಿತವೋ, ಉಸಿರೋ? ಆರನೇ ನಿಜಾಮರು 1,000 ಪೌಂಡ್ ಕೊಟ್ಟು ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಅವರನ್ನು ಕರೆಸಿದರು. 1889ರಲ್ಲಿ 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ ಅವರ ಆಯೋಗದ ತೀರ್ಮಾನ: ಮೊದಲು ನಿಲ್ಲುವುದು ಉಸಿರು. ಹೃದಯವೂ ಮೊದಲು ನಿಲ್ಲಬಹುದೆಂದು 1911ರಲ್ಲಿ ಸಂಶೋಧಕ ಗುಡ್‌ಮನ್ ಲೆವಿ ತೋರಿಸಿದರು. ಆದರೂ ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಉಳಿಯಿತು.

ತಲೆಗೆ ಪೆಟ್ಟು ಬಿದ್ದು ಐಸಿಯುಗೆ ಬಂದವರಲ್ಲಿ ಆ ಪಾಠದ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ.

ನಿಮಿಷಕ್ಕೆ 15ರಂತೆ ದಿನಕ್ಕೆ 21,600 ಉಸಿರು. ಉಸಿರನ್ನೇ ಜಪವೆಂದು ಎಣಿಸುವ ನಮ್ಮ ಯೋಗಿಗಳ ಅಜಪಾಜಪದ ಎಣಿಕೆಯೂ ಇಷ್ಟೇ. ಒಂದು ಉಸಿರಿಗೆ 450 ಮಿ.ಲೀ. ಎಂದರೆ ದಿನಕ್ಕೆ 9,720 ಲೀಟರ್ ಗಾಳಿ. ಪ್ರಜ್ಞೆ ತಪ್ಪಿದವರಿಗಾಗಿ ವೆಂಟಿಲೇಟರ್ ಇಷ್ಟನ್ನೂ ಒಳಗೆ ತಳ್ಳಬೇಕು. ದೇಹದ ತೂಕದಲ್ಲಿ 2% ಮಾತ್ರವಿರುವ ಮಿದುಳು, ದೇಹ ಬಳಸುವ ಆಮ್ಲಜನಕದ 20% ಉಣ್ಣುತ್ತದೆ. ಅದರೊಳಗೆ ದಿನಕ್ಕೆ ಹರಿಯುವ ರಕ್ತ ಸುಮಾರು ಸಾವಿರ ಲೀಟರ್.

ಇಷ್ಟು ದೊಡ್ಡ ಹರಿವಿನ ಕೀಲಿ ಮಾತ್ರ ಬಲು ಸಣ್ಣದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಒಂದೇ ಒಂದು ಮಿ.ಮೀ. (ಪಾದರಸ) ಏರಿದರೂ ಇಳಿದರೂ ಮಿದುಳಿನ ರಕ್ತದ ಹರಿವು ಸುಮಾರು 3% ಬದಲಾಗುತ್ತದೆ. ಉಸಿರು ಕಡಿಮೆಯಾದರೆ ಡೈಆಕ್ಸೈಡ್ ಏರಿ, ರಕ್ತನಾಳಗಳು ಹಿಗ್ಗುತ್ತವೆ. ಬುರುಡೆಯೋ ಹಿಗ್ಗುವುದಿಲ್ಲ. ಒಳಗಿನ ಒತ್ತಡ 22 ಮಿ.ಮೀ. ದಾಟಿತೆಂದರೆ ವೈದ್ಯರು ಕೂಡಲೇ ಇಳಿಸಲು ನೋಡುತ್ತಾರೆ.

ಹಾಗೆಂದು ಉಸಿರಿನ ವೇಗ ಹೆಚ್ಚಿಸಿದರೆ ಇನ್ನೊಂದು ಅನಾಹುತ. ಡೈಆಕ್ಸೈಡಿನ ಒತ್ತಡ 40ರಿಂದ 25 ಮಿ.ಮೀ.ಗೆ ಇಳಿದರೆ ಮಿದುಳಿಗೆ ಹೋಗುವ ರಕ್ತದಲ್ಲಿ ಐದರಲ್ಲಿ ಎರಡು ಪಾಲು ಖೋತಾ. ಹೀಗೆ ಮುಂಜಾಗ್ರತೆಗೆಂದು ಜೋರಾಗಿ ಉಸಿರು ಕೊಡಿಸಿದವರಲ್ಲಿ ಕೆಲವರ ಚೇತರಿಕೆಯೇ ಹಿಂದೆ ಬಿದ್ದದ್ದನ್ನು 1991ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಶ್ವಾಸಕೋಶವೂ ಗಾಯಗೊಂಡಿದ್ದರೆ ಇಕ್ಕಟ್ಟು ಇಮ್ಮಡಿ. ಅದನ್ನು ಉಳಿಸಲು ಕೆ.ಜಿ. ತೂಕಕ್ಕೆ 6ರಿಂದ 8 ಮಿ.ಲೀ.ಯಷ್ಟೇ ಗಾಳಿ ಕೊಡಬೇಕು. ಆಗ ಡೈಆಕ್ಸೈಡ್ ಏರಬಹುದು, ಅದನ್ನು ಮಿದುಳು ತಾಳದು. ಶ್ವಾಸಕೋಶ ಕುಸಿಯದಂತೆ ಒತ್ತಡ ಹೆಚ್ಚಿಸಿದರೆ ತಲೆಯಿಂದ ರಕ್ತ ಇಳಿಯುವುದಕ್ಕೆ ತಡೆಯಾಗಬಹುದು. ಉಸಿರಾಟದ ಕೊಳವೆಯ ಕಫ ತೆಗೆಯುವಾಗ ಬರುವ ಒಂದು ಕೆಮ್ಮು ಸಾಕು, ಬುರುಡೆಯ ಒತ್ತಡ ಏರಲು. ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತರಿಸಿ ಇಡುವುದೂ ಈ ಲೆಕ್ಕದ ಭಾಗವೇ.

ಅಮೆರಿಕದ ಅರಿಜೋನಾದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಮೂರೇ ಸಂಗತಿ ಕಲಿಸಿದರು: ಆಮ್ಲಜನಕ ಇಳಿಯಬಾರದು, ರಕ್ತದೊತ್ತಡ ಕುಸಿಯಬಾರದು, ಉಸಿರು ವೇಗವಾಗಬಾರದು. 21,000ಕ್ಕೂ ಹೆಚ್ಚು ಗಾಯಾಳುಗಳ ದಾಖಲೆ ನೋಡಿದಾಗ, ತೀವ್ರ ಪೆಟ್ಟಾದವರಲ್ಲಿ ಬದುಕುಳಿಯುವ ಸಾಧ್ಯತೆ ಮೊದಲಿನ ಎರಡರಷ್ಟು, ಅವರಲ್ಲೂ ಕೊಳವೆ ಹಾಕಿದವರಲ್ಲಿ ಮೂರರಷ್ಟು ಆಗಿತ್ತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ನಮ್ಮ ಆಸ್ಪತ್ರೆಗಳಲ್ಲಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗನ್ನು ಎಷ್ಟೋ ಸಲ ಮನೆಯವರ ಕೈಗೇ ಕೊಡುತ್ತಾರೆ. ಗಾಬರಿಯಲ್ಲಿ ಕೈ ತಾನಾಗಿ ಓಡುತ್ತದೆ. ಎಷ್ಟು ಹೊತ್ತಿಗೊಮ್ಮೆ ಒತ್ತಬೇಕೆಂದು ವೈದ್ಯರನ್ನು ಕೇಳಿ, ಎಣಿಸಿ ಒತ್ತಿ. ದೊಡ್ಡವರಿಗೆ ಸಾಮಾನ್ಯ ಲೆಕ್ಕ ನಿಮಿಷಕ್ಕೆ ಹತ್ತು.