ಮಂಡಿಯನ್ನು ಬೆರಳಿಂದ ಕಲಿಯಿರಿ

ದೊಡ್ಡಬಳ್ಳಾಪುರ ಮಗ್ಗಗಳ ಊರು. ಪವರ್‌ಲೂಮ್ ಮುಂದೆ ಗಂಟೆಗಟ್ಟಲೆ ನಿಲ್ಲೋ ನೇಕಾರರು ‘ಮಂಡಿ ನೋವು’ ಅಂತ ಬಂದರೆ, ನೋವು ಮಂಡಿಯಲ್ಲಿ ಎಲ್ಲಿ ಅಂತ ನಿಮ್ಮ ಬೆರಳಿಗೆ ಗೊತ್ತಾಗಬೇಕು. ನರ್ಸಿಂಗ್, ಫಿಸಿಯೋಥೆರಪಿ ಓದ್ತಿರೋರೇ, 206 ಮೂಳೆ ಬಾಯಿಪಾಠ ಆಮೇಲೆ. ಮೊದಲು ನಿಮ್ಮ ಮಂಡಿಯನ್ನೇ ಮುಟ್ಟಿ ನೋಡಿ.

ಕುರ್ಚಿ ಮೇಲೆ ಕೂತು ಮಂಡಿ ಮಡಚಿ. ಮುಂದೆ ಸಿಗೋದು ಮಂಡಿಚಿಪ್ಪು. ಅದರ ಕೆಳತುದಿಯಿಂದ ಬೆರಳು ಜಾರಿಸಿದರೆ ಗಟ್ಟಿ ಪಟ್ಟಿ, ಪಟೆಲ್ಲಾರ್ ಟೆಂಡನ್. ಅದು ಟಿಬಿಯಾ ಮೂಳೆಯ ಉಬ್ಬಿಗೆ ಹೋಗಿ ಸೇರುತ್ತೆ. ಪಟ್ಟಿಯ ಎರಡೂ ಪಕ್ಕ ಮೆತ್ತಗಿನ ಗುಳಿ ಇದೆಯಲ್ಲ, ಕೀಲಿನ ಗೆರೆ ಅಲ್ಲಿಂದ ಹಿಂದಕ್ಕೆ ಹೋಗುತ್ತೆ. ಆ ಗೆರೆ ಮೇಲೆ ಒತ್ತಿದಾಗ ನೋವಾದರೆ ಮೆನಿಸ್ಕಸ್ ಅನ್ನೋ ಕೀಲಿನ ಮೆತ್ತೆಯ ಬಗ್ಗೆ ಯೋಚಿಸಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಂದು ಕಾಲಿನ ಗಿಣ್ಣನ್ನು ಇನ್ನೊಂದು ಮಂಡಿ ಮೇಲಿಡಿ. ಮಡಚಿದ ಮಂಡಿಯ ಹೊರಬದಿಯಲ್ಲಿ ಬಿಗಿದ ಹುರಿಯಂಥದ್ದು ಸಿಕ್ಕಿತಾ? ಅದೇ ಹೊರಬದಿಯ ಲಿಗಮೆಂಟ್. ತೊಡೆಮೂಳೆಯಿಂದ ಫಿಬುಲಾ ಮೂಳೆಯ ತಲೆಗೆ ಕಟ್ಟಿಕೊಂಡಿದೆ.

ಒಳಬದಿಯದು ಅಗಲ, ಚಪ್ಪಟೆ. ಇಷ್ಟು ಸ್ಪಷ್ಟವಾಗಿ ಸಿಗಲ್ಲ. ಅದಕ್ಕೇ ಮಂಡಿಯನ್ನು ಸುಮಾರು 30 ಡಿಗ್ರಿ ಬಾಗಿಸಿ, ಹೊರಗಿನಿಂದ ಒಳಕ್ಕೆ ಒತ್ತಿ, ಸಡಿಲ ಇದೆಯಾ ನೋಡ್ತಾರೆ. ಕೀಲಿನೊಳಗಿರೋ ಎಸಿಎಲ್ ಲಿಗಮೆಂಟ್ ಅಂತೂ ಬೆರಳಿಗೆ ಸಿಗೋದೇ ಇಲ್ಲ. ಅದಕ್ಕೆ ಲ್ಯಾಕ್‌ಮನ್ ಪರೀಕ್ಷೆ ಬೇಕು. ಅದನ್ನು ಶಿಕ್ಷಕರ ಎದುರಲ್ಲೇ ಕಲಿಯಿರಿ.

ರೋಗಿಯನ್ನು ಮುಟ್ಟೋ ಮುಂಚೆ ಅನುಮತಿ ಕೇಳಿ. ನೋವಿಲ್ಲದ ಮಂಡಿಯಿಂದ ಶುರು ಮಾಡಿ. ಒತ್ತುವಾಗ ನಿಮ್ಮ ಕೈಯನ್ನಲ್ಲ, ಅವರ ಮುಖ ನೋಡಿ.