ದಾರಿ ಬಿಡುವವನ ದೊಡ್ಡತನ

ಹೊರೆ ಹೊತ್ತು ಬರುವವನಿಗೆ ಬರಿಗೈಯವನು ಪಕ್ಕಕ್ಕೆ ಸರಿದು ದಾರಿ ಬಿಡುವುದು ಹಳ್ಳಿಯ ಕಾಲುದಾರಿಯಲ್ಲಿ ತಲೆಮಾರುಗಳಿಂದ ನಡೆದುಬಂದ ಮರ್ಯಾದೆ. ಅದನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಹಾಗೆ ಸರಿದು ನಿಂತದ್ದರಿಂದ ತನ್ನ ಘನತೆ ಕುಂದಿತೆಂದು ಕೊರಗಿದವರೂ ಇಲ್ಲ. ಆದರೆ ಅದೇ ಮನುಷ್ಯನು ಮೋಟಾರಿನ ಸ್ಟೀರಿಂಗ್ ಚಕ್ರವನ್ನು ಹಿಡಿದೊಡನೆ ಈ ಮರ್ಯಾದೆ ಎಲ್ಲಿ ಅಡಗಿಹೋಗುತ್ತದೆ? ಮುಂದೆ ಹೋಗುತ್ತಿರುವವರೆಲ್ಲ ಅವನ ಪಾಲಿಗೆ ಅಡ್ಡಿಗಳು. ಹಿಂದಿನಿಂದ ಬಂದು ದಾಟಿಹೋದವನಂತೂ ಪರಮ ವೈರಿ!

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರುಗಳ ರಸ್ತೆಗಳಲ್ಲಿ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಅಂದರೆ ಹಿಂದಿನ 209, ಇಂದಿನ 948, ಕೊಳ್ಳೇಗಾಲ ಮತ್ತು ಯಳಂದೂರುಗಳನ್ನು ಹಾದು ಚಾಮರಾಜನಗರದತ್ತ ಸಾಗುತ್ತದೆ. ಕೊಳ್ಳೇಗಾಲದಿಂದ ಪೂರ್ವಕ್ಕೆ ಹೊರಟ ಇನ್ನೊಂದು ದಾರಿ ಕಾಮಗೆರೆ, ಹನೂರು, ಕೌದಳ್ಳಿಗಳ ಮೂಲಕ ಮಲೆ ಮಹದೇಶ್ವರ ಬೆಟ್ಟವನ್ನೇರುತ್ತದೆ. ಯಳಂದೂರಿನಿಂದ ಒಡೆದ ಕವಲು ಬಿಳಿಗಿರಿರಂಗನ ಬೆಟ್ಟವನ್ನು ಹತ್ತುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೂ, ಯಳಂದೂರು ಮೈಸೂರಿಗೂ ಸೇರಿದ್ದವು. ನಡುವಣ ಆ ಎಲ್ಲೆ ಅಳಿಸಿಹೋಯಿತು, ದಾರಿ ಎಲ್ಲರದಾಯಿತು.

ಎಲ್ಲರದಾದ ದಾರಿಯಲ್ಲಿ ಯಾರುಂಟು, ಯಾರಿಲ್ಲ? ಊರೂರಿಗೂ ನಿಲ್ಲುವ ಬಸ್ಸು, ಕಬ್ಬನ್ನು ಒಡಲು ಮೀರಿ ಹೇರಿಕೊಂಡ ಟ್ರ್ಯಾಕ್ಟರು, ಕರಿಕಲ್ಲಿನ ದಿಮ್ಮಿಯನ್ನು ಹೊತ್ತು ಏದುಸಿರು ಬಿಡುವ ಲಾರಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ದ್ವಿಚಕ್ರದ ಸವಾರ. ಸುಗ್ಗಿ ಬಂತೆಂದರೆ ರಾಗಿ, ಹುರುಳಿಗಳ ಒಕ್ಕಣೆಯೂ ಕೆಲವೆಡೆ ಡಾಂಬರಿನ ಮೇಲೆಯೇ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನಿಗೆ ಉಘೇ ಎನ್ನುತ್ತ ಬರಿಗಾಲಿನಲ್ಲಿ ನಡೆದು ಬರುವ ಭಕ್ತರ ಸಾಲು. ಇಷ್ಟೆಲ್ಲಕ್ಕೂ ಬಹುಪಾಲು ಇರುವುದು ಎರಡೇ ಸಾಲಿನ ರಸ್ತೆ: ಹೋಗುವುದಕ್ಕೊಂದು, ಬರುವುದಕ್ಕೊಂದು. ಮುಂದಿನ ವಾಹನವನ್ನು ದಾಟಬೇಕಾದರೆ ಎದುರಿನಿಂದ ಬರುವವನ ಪಾಲಿನ ರಸ್ತೆಯನ್ನು ಕೆಲವು ಕ್ಷಣಗಳ ಮಟ್ಟಿಗೆ ಕಡ ತೆಗೆದುಕೊಳ್ಳಲೇಬೇಕು. ಆ ಕಡವನ್ನು ವೇಳೆಗೆ ಸರಿಯಾಗಿ ತೀರಿಸದಿದ್ದರೆ ಬಡ್ಡಿ ಪ್ರಾಣದಲ್ಲಿ ಸಲ್ಲುತ್ತದೆ.

ಆರೂವರೆ ಸೆಕೆಂಡಿನ ಲೆಕ್ಕ

ಈ ಕಡವೆಷ್ಟು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬಸ್ಸೊಂದು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ. ಹಿಂದಿನ ಕಾರಿನ ವೇಗ 80. ಬಸ್ಸಿನ ಹಿಂದೆ 20 ಮೀಟರಿನಲ್ಲಿ ಬಲಕ್ಕೆ ಹೊರಳಿ, 11 ಮೀಟರು ಉದ್ದದ ಬಸ್ಸನ್ನು ದಾಟಿ, 20 ಮೀಟರು ಮುಂದಕ್ಕೆ ಹೋಗಿ ಎಡಕ್ಕೆ ಸೇರಿಕೊಳ್ಳಲು ಕಾರಿಗೆ ಹೆಚ್ಚುಕಡಿಮೆ ಆರೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 145 ಮೀಟರು ಓಡಿರುತ್ತದೆ. ಎದುರಿನ ವಾಹನವೂ ಅದೇ ವೇಗದಲ್ಲಿದ್ದರೆ ಅದೂ ಅಷ್ಟೇ ದೂರ ಬಂದಿರುತ್ತದೆ. ಎಂದರೆ 300 ಮೀಟರಿನಷ್ಟು ರಸ್ತೆ ಬರಿದಾಗಿ ಕಾಣದೆ ಬಲಕ್ಕೆ ಹೊರಳುವವನು ಕಣ್ಣು ಕಟ್ಟಿಕೊಂಡು ಹೊರಟವನೇ ಸರಿ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಕಾರು ಪಕ್ಕಕ್ಕೆ ಬಂದುದನ್ನು ಕಂಡು ಬಸ್ಸಿನವನಿಗೆ ಹುರುಪು ಹುಟ್ಟಿ 50ರ ವೇಗವನ್ನು 60ಕ್ಕೆ ಏರಿಸಿದನೆನ್ನಿ. ಆರೂವರೆ ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. 300 ಮೀಟರು ಸಾಲದೆ 440 ಬೇಕಾಗುತ್ತದೆ. ಆ 140 ಮೀಟರನ್ನು ನುಂಗಿದ್ದು ರಸ್ತೆಯ ದೋಷವಲ್ಲ, ಯಂತ್ರದ ದೋಷವೂ ಅಲ್ಲ, ಒಬ್ಬನ ಹಟ. ಆದುದರಿಂದಲೇ ದಾಟುವವನು ಎಚ್ಚರದಿಂದಿದ್ದರೆ ಸಾಕು ಎಂಬ ಮಾತು ಅರ್ಧ ಸತ್ಯ. ದಾಟುವವನು, ದಾಟಿಸಿಕೊಳ್ಳುವವನು, ಎದುರಿನಿಂದ ಬರುವವನು ಎಂಬ ಮೂವರೂ ಸೇರಿದರೆ ಮಾತ್ರ ಈ ಕೆಲಸ ಸುಸೂತ್ರವಾಗಿ ನಡೆಯುತ್ತದೆ. ತನ್ನನ್ನು ದಾಟುತ್ತಿರುವಾಗ ಚಾಲಕನು ವೇಗ ಹೆಚ್ಚಿಸಕೂಡದು, ಯಾವ ರೀತಿಯಲ್ಲಿಯೂ ಅಡ್ಡಿಪಡಿಸಕೂಡದು ಎಂದು 1989ರ ರಸ್ತೆ ನಿಯಮಗಳು ವಿಧಿಸಿದ್ದವು. 2017ರ ಚಾಲನಾ ನಿಯಮಗಳೂ ಅದನ್ನೇ ಹೇಳುತ್ತವೆ. ಸೌಜನ್ಯವು ಇಲ್ಲಿ ಉಪಚಾರದ ಮಾತಾಗಿ ಉಳಿಯದೆ ಕಾನೂನೇ ಆಗಿದೆ.

ದೀಪದ ಭಾಷೆ

ಮೂವರು ಕೂಡಿ ಮಾಡುವ ಕೆಲಸಕ್ಕೆ ಮೂವರಿಗೂ ತಿಳಿಯುವ ಭಾಷೆ ಬೇಡವೆ? ಹಿಂದೆ ಲಾರಿಯ ಚಾಲಕನು ಬಲಗೈಯನ್ನು ಹೊರಚಾಚಿ ಹಿಂದುಮುಂದಾಗಿ ಬೀಸಿದನೆಂದರೆ ‘ಬನ್ನಿ, ದಾಟಿಕೊಳ್ಳಿ’ ಎಂದರ್ಥ. 1989ರ ನಿಯಮಗಳಲ್ಲಿಯೂ ಈ ಸನ್ನೆಗೆ ಸ್ಥಾನವಿತ್ತು. ಇಂದು ಕೈಯ ಬದಲು ದೀಪ ಮಾತನಾಡುತ್ತದೆ, ತೊಡಕು ಅಲ್ಲಿಯೇ. ಬಲಗಡೆಯ ದೀಪ ಮಿನುಗಿದರೆ ‘ದಾರಿ ಬರಿದಾಗಿದೆ, ಬನ್ನಿ’ ಎನ್ನುವವರಿದ್ದಾರೆ. ‘ಎದುರಿಗೆ ವಾಹನವಿದೆ, ಬರಬೇಡಿ’ ಎನ್ನುವವರೂ ಇದ್ದಾರೆ. ನಿಜವಾಗಿಯೂ ಬಲಕ್ಕೆ ತಿರುಗಿ ಹೊಲದ ದಾರಿ ಹಿಡಿಯುವವರೂ ಇದ್ದಾರೆ. ಮುಂದಿನ ದೀಪದ ಕಥೆಯೂ ಹೀಗೆಯೇ. ಇಲ್ಲಿನ ರಸ್ತೆಗಳಲ್ಲಿ ಎದುರಿನವನು ದೀಪ ಮಿಂಚಿಸಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ಸಾಮಾನ್ಯವಾಗಿ ತಿಳಿಯಬೇಕು. ಇಂಗ್ಲೆಂಡಿನಲ್ಲಿ ಅನೇಕರು ಅದೇ ಮಿಂಚನ್ನು ‘ನೀವು ಮೊದಲು ಹೋಗಿ’ ಎಂಬರ್ಥದಲ್ಲಿ ಬಳಸುತ್ತಾರೆ. ಅಲ್ಲಿನ ಸರ್ಕಾರಿ ಕೈಪಿಡಿಯಾದರೋ, ತಾನಿರುವುದನ್ನು ತಿಳಿಸಲು ಹೊರತು ಬೇರಾವುದಕ್ಕೂ ದೀಪ ಮಿಂಚಿಸಬಾರದೆಂದು ಎಚ್ಚರಿಸುತ್ತದೆ. ಬೇರೆಯವರ ದೀಪವನ್ನು ಸಲಹೆಯೆಂದು ಎಣಿಸಬಹುದು. ಅಪ್ಪಣೆಯೆಂದು ನಂಬಿ ನುಗ್ಗಬಾರದು. ಕೊನೆಯ ಸಾಕ್ಷಿ ಸ್ವಂತ ಕಣ್ಣೇ.

ಬೆಟ್ಟದ ದಾರಿಯಲ್ಲಿ

ಕೌದಳ್ಳಿಯನ್ನು ಬಿಟ್ಟು ತಾಳಬೆಟ್ಟವನ್ನು ಮುಟ್ಟಿದ ಮೇಲೆ ಈ ಸ್ವಂತ ಕಣ್ಣೂ ಸೋಲುತ್ತದೆ. ಒಂದರ ಮೇಲೊಂದು ತಿರುವು. ಆಚೆ ಏನಿದೆಯೆಂಬುದು ಬಂಡೆಗೆ ಮಾತ್ರ ಗೊತ್ತು. ಮುಂದಿನ ದಾರಿ ಕಾಣದ ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ ದಾಟುವುದನ್ನು ಕಾನೂನು ನಿಷೇಧಿಸಿದೆ. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕೆಂಬುದೂ ನಿಯಮವೇ. ಏರುವ ವಾಹನ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಹಿಂದಕ್ಕೆ ಜಾರುವ ಭಯವೂ ಉಂಟು. ಹೊರೆ ಹೊತ್ತವನಿಗೆ ಬರಿಗೈಯವನು ದಾರಿ ಬಿಡುವ ಹಳ್ಳಿಯ ಮರ್ಯಾದೆಯೇ ಇಲ್ಲಿ ಶಾಸನವಾಗಿ ಬಂದು ಕುಳಿತಿದೆ.

ಬಿಳಿಗಿರಿರಂಗನ ಬೆಟ್ಟದ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರದ ಕಾಡು 2013ರಿಂದ ವನ್ಯಧಾಮ. ಈ ದಾರಿಗಳಲ್ಲಿ ಮುಂದಿನ ವಾಹನವು ಕಾರಣ ಕಾಣದೆ ನಿಂತಿದ್ದರೆ ಅದನ್ನು ದಾಟಿ ನುಗ್ಗುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು. ಮರಿಯೊಡನೆ ರಸ್ತೆ ದಾಟುತ್ತಿರುವ ಆನೆಗೆ ಹಾರ್ನಿನ ಸದ್ದು ಹಿಡಿಸುವುದಿಲ್ಲ.

ಗಳಿಸಿದ್ದೆಷ್ಟು?

ನಿಯಮ ಮೀರಿ ದಾಟುವುದನ್ನು 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಅಪರಾಧಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಪೊಲೀಸಿನವರನ್ನು ನಿಲ್ಲಿಸಲಾದೀತೆ? ದಂಡದ ಭಯಕ್ಕಿಂತ ಲಾಭದ ಲೆಕ್ಕವೇ ಹೆಚ್ಚು ಬುದ್ಧಿ ಹೇಳೀತು. ಕೊಳ್ಳೇಗಾಲದಿಂದ ಹನೂರಿಗೆ ಹೆಚ್ಚುಕಡಿಮೆ 25 ಕಿಲೋಮೀಟರು. ಸರಾಸರಿ 50ರ ವೇಗದಲ್ಲಿ ಹೋದರೆ ಅರ್ಧ ಗಂಟೆ. ಸಿಕ್ಕಸಿಕ್ಕಲ್ಲಿ ನುಗ್ಗಿ ಸರಾಸರಿಯನ್ನು 60ಕ್ಕೆ ಏರಿಸಿದರೆ 25 ನಿಮಿಷ. ಇಷ್ಟೆಲ್ಲ ಸಾಹಸದ ಗಳಿಕೆ ಐದೇ ನಿಮಿಷ! ಹನೂರಿನಲ್ಲಿ ಒಂದು ಲೋಟ ಕಾಫಿ ಆರುವುದಕ್ಕೂ ಅಷ್ಟೇ ಹೊತ್ತು ಬೇಕು.

ಹಿಂದಿನ ಆಸನದಲ್ಲಿ ಕುಳಿತ ತಾಯಿ ‘ಸಾವಕಾಶವಾಗಿ ಹೋಗಪ್ಪ, ಆತುರವೇನು?’ ಎಂದರೆ ಮಗನಿಗೆ ಸಿಡುಕು ಬರುವುದುಂಟು. ಆಕೆಗೆ ಮೀಟರು, ಸೆಕೆಂಡುಗಳ ಲೆಕ್ಕ ತಿಳಿದಿರಲಿಕ್ಕಿಲ್ಲ. ಆದರೆ ಎದುರಿನಿಂದ ಬರುವ ವಾಹನದಲ್ಲಿಯೂ ಒಬ್ಬ ತಾಯಿ ಕುಳಿತಿರಬಹುದೆಂಬುದು ಆಕೆಗೆ ತಿಳಿದಿದೆ. ಎಡಕ್ಕೆ ಸರಿದು, ವೇಗ ತಗ್ಗಿಸಿ, ಹಿಂದಿನವನನ್ನು ಮುಂದೆ ಕಳುಹಿಸಿಕೊಡುವ ಚಾಲಕನು ಕಳೆದುಕೊಳ್ಳುವುದು ಕೆಲವೇ ಕ್ಷಣಗಳನ್ನು. ಉಳಿಸಿಕೊಡುವುದು ಎರಡು ಮನೆಗಳ ದೀಪವನ್ನು.