ಬೀಜ ಮನೆಯಲ್ಲಿದ್ದರೆ ‘ಬೇಡ’ ಅನ್ನಬಹುದು

ಸ್ವಾಯತ್ತತೆ ಅನ್ನುವ ಪದ ಭಾಷಣದಲ್ಲಿ, ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಏಳನೇ ಕ್ಲಾಸು ಓದಿದ ನನ್ನಂಥವನಿಗೆ ನಾಲಿಗೆ ಹೊರಳದ ಪದ. ಬಿಡಿಸಿ ನೋಡಿದರೆ ಸುಲಭ ಐತೆ. ಸ್ವ ಅಂದರೆ ತನ್ನ, ಆಯತ್ತ ಅಂದರೆ ಅಧೀನ. ತನ್ನ ಕೈಯೊಳಗಿರುವುದು. ಸ್ವಾತಂತ್ರ್ಯಕ್ಕೂ ಇದಕ್ಕೂ ಸಣ್ಣ ವ್ಯತ್ಯಾಸ ಇದೆ. ಹಗ್ಗ ಬಿಚ್ಚಿದ ಎತ್ತು ಸ್ವತಂತ್ರ. ಆದರೂ ಸಂಜೆಗೆ ಅದು ಮೇವಿರುವ ಕೊಟ್ಟಿಗೆಗೇ ಬರುತ್ತದೆ. ಮೇವು ಯಾರ ಕೈಲಿದೆ ಅನ್ನುವುದೇ ಸ್ವಾಯತ್ತತೆಯ ಪ್ರಶ್ನೆ.

ನಮ್ಮದು ದಾವಣಗೆರೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಅಪ್ಪನ ಕಾಲದಲ್ಲಿ ಜೋಳ, ನವಣೆ, ಹತ್ತಿ, ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ಹತ್ತಿ ಗಿರಣಿಗಳಿಂದ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಿದ್ದ ಕಾಲ ಅದು. ಗಿರಣಿಗಳು ಒಂದೊಂದೇ ಮುಚ್ಚಿದವು, ಹೊಲದಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು. ಬಂದದ್ದಕ್ಕೆ ಕಾರಣವೂ ಇತ್ತು. ಒಳ್ಳೆ ಮಳೆಯಾದರೆ ನನ್ನ ಹೊಲದಲ್ಲಿ ಎಕರೆಗೆ ಇಪ್ಪತ್ತು ಕ್ವಿಂಟಲ್ ಬಿದ್ದದ್ದುಂಟು. ನವಣೆ ಎಷ್ಟು ಚೆನ್ನಾಗಿ ಬಂದರೂ ಆರು ದಾಟುವುದಿಲ್ಲ. ಹಾಗಾಗಿ ಮೆಕ್ಕೆಜೋಳ ಬೆಳೆಯುವವರನ್ನು ನಾನು ಬೈಯುವುದಿಲ್ಲ. ನಾನೂ ಬೆಳೆಯುತ್ತೇನೆ.

ಆದರೆ ಅದರ ಬೀಜ ನಮ್ಮದಲ್ಲ. ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ. ಮೊದಲ ಪೀಳಿಗೆ ಒಂದೇ ಎತ್ತರ ಬೆಳೆದು ತೆನೆ ತುಂಬಿ ಬರುತ್ತದೆ. ಅದೇ ಕಾಳನ್ನು ಮರುವರ್ಷ ಬಿತ್ತಿದರೆ ಗುಣ ಒಡೆಯುತ್ತದೆ. ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ, ಇಳುವರಿ ಇಳಿಮುಖ. ಇದು ಯಾರ ಮೋಸವೂ ಅಲ್ಲ, ಹೈಬ್ರಿಡ್‌ನ ಸ್ವಭಾವ. ನವಣೆ, ರಾಗಿ ಹಾಗಲ್ಲ. ಹೆಚ್ಚಿನಂಶ ಅದೇ ಹೂವಿನ ಪರಾಗದಲ್ಲೇ ಕಾಳು ಕಟ್ಟುವುದರಿಂದ ವರ್ಷ ವರ್ಷ ಅದೇ ತಳಿ ನಿಲ್ಲುತ್ತದೆ.

ಮುಂಗಾರಿಗೆ ಮುಂಚೆ ಬೀಜದ ಪಾಕೀಟು, ಗೊಬ್ಬರ ಎಲ್ಲ ಮಂಡಿಯವರೇ ಉದ್ದರಿ ಕೊಡುತ್ತಾರೆ. ಸುಗ್ಗಿಯಾದ ಮೇಲೆ ಕಾಳು ಅವರ ಅಂಗಡಿಗೇ ಹೋಗಬೇಕು. ರೇಟು ಬಿದ್ದಿದೆ, ಹದಿನೈದು ದಿನ ತಡೀರಿ ಅನ್ನುವ ಬಾಯಿ ನಮಗಿಲ್ಲ, ಯಾಕಂದ್ರೆ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬಾಕಿ ಇದೆ. ಅವರು ಕೆಟ್ಟವರೆಂದಲ್ಲ. ಆಸ್ಪತ್ರೆಗೆ ರಾತ್ರಿ ದುಡ್ಡು ಬೇಕಾದಾಗ ಕೊಟ್ಟವರೂ ಅವರೇ. ಆದರೂ ಮಾರುವ ದಿನ ಯಾವುದೆಂದು ತೀರ್ಮಾನ ಮಾಡುವವನು ನಾನಲ್ಲ. 2018ರಲ್ಲಿ ಸೈನಿಕ ಹುಳು ಭಾರತದಲ್ಲೇ ಮೊದಲು ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ. ಆ ವರ್ಷ ಔಷಧಿಯೂ ಉದ್ದರಿಯ ಪಟ್ಟಿಗೆ ಸೇರಿತು.

ಬೀಜದ ಹಕ್ಕಿಗಾಗಿ ಈ ನಾಡಿನ ರೈತರು ಕೂಗು ಹಾಕಿದ್ದು ಸುಳ್ಳಲ್ಲ. ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿದರು. 1993ರಲ್ಲಿ ಬಳ್ಳಾರಿಯ ಘಟಕಕ್ಕೂ ಹೋದರು. ಆ ದಾರಿ ಸರಿಯೋ ತಪ್ಪೋ, ಪ್ರಶ್ನೆ ಮಾತ್ರ ಎಲ್ಲರ ಕಿವಿಗೂ ಬಿತ್ತು. 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ಅದರ 39ನೇ ಕಲಮಿನ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. ಹಕ್ಕು ಸಿಕ್ಕಿತು. ಆದರೆ ಹೊಲಕ್ಕೆಲ್ಲ ಹೈಬ್ರಿಡ್ ಬಿತ್ತಿದವನ ಮನೆಯಲ್ಲಿ ಇಟ್ಟುಕೊಳ್ಳಲು ಬೀಜ ಎಲ್ಲಿದೆ?

ನಮ್ಮ ಮನೆಯಲ್ಲಿ ಒಂದು ಎಕರೆ ಉಳಿದದ್ದು ನನ್ನ ಮನೆಯಾಕೆಯಿಂದ. ಮೂರು ಎಕರೆ ಮೆಕ್ಕೆಜೋಳ, ಒಂದು ಎಕರೆ ನವಣೆ ಮತ್ತು ತೊಗರಿ. ಆ ಎಕರೆಗೂ ಮೆಕ್ಕೆಜೋಳ ಹಾಕೋಣ ಅಂತ ಮಗ ಎರಡು ವರ್ಷದಿಂದ ಹಟ ಹಿಡಿದಿದ್ದಾನೆ. ಅವನಿಗೆ ಟ್ರ್ಯಾಕ್ಟರಿನ ಕಂತು ಕಟ್ಟುವ ಚಿಂತೆ, ಅದೂ ನಿಜವೇ. ಆಕೆ ಹೇಳಿದ್ದು ಇಷ್ಟೇ: “ಆ ಹೊಲ ಮುಟ್ಟಬೇಡ. ಉಣ್ಣೋಕೆ ಕಾಳಿಲ್ಲದೋರು ಮಂಡೀಲಿ ಏನು ಚೌಕಾಸಿ ಮಾಡ್ತೀರಿ?” ತೆನೆ ಆರಿಸುವುದು, ಬೂದಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿಡುವುದು ಅವಳ ಕೆಲಸ. ಗಡಿಗೆ ಅವಳದು, ಹಾಗಾಗಿ ಮಾತೂ ಅವಳದು. ಪಹಣಿ ಮಾತ್ರ ನನ್ನ ಹೆಸರಲ್ಲಿದೆ. ಈ ಮಾತು ಬರೆಯುವಾಗ ಅವಳೇ ಪಕ್ಕದಲ್ಲಿ ಕೂತಿದ್ದಾಳೆ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ.

ಈಗ ಊರಿನ ವಿಷಯ. ನಜೀರ್ ಸಾಬ್ ಅವರ ಮುತುವರ್ಜಿಯಿಂದ 1983ರಲ್ಲಿ ಪಂಚಾಯ್ತಿ ಕಾಯ್ದೆ ರೂಪುಗೊಂಡು 1987ರಲ್ಲಿ ಚುನಾವಣೆ ಆಯಿತು. ಆಗ ಮಂಡಲ ಪಂಚಾಯ್ತಿ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಗ್ರಾಮ ಪಂಚಾಯ್ತಿ ಸ್ಥಳೀಯ ಸರ್ಕಾರ ಅನ್ನಿಸಿಕೊಂಡಿತು. ಸರ್ಕಾರ ಅಂದ ಮೇಲೆ ದುಡ್ಡು ಬೇಕಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಎಂದು ಮೇಲಿನಿಂದ ಗೆರೆ ಹಾಕಿ ಕೊಟ್ಟರು. ಅವು ಬೇಡದ ಕೆಲಸಗಳಲ್ಲ. ಆದರೆ ಊರಿಗೆ ಮೊದಲು ಹೊಲದ ದಾರಿ ಬೇಕೆಂದು ಗ್ರಾಮಸಭೆ ಹೇಳಿದರೆ ಆ ದುಡ್ಡು ಮಾತು ಕೇಳುವುದಿಲ್ಲ. ಕೇಳುವ ದುಡ್ಡು ಅಂದರೆ ನಾವು ಕಟ್ಟುವ ಮನೆ ಕಂದಾಯ, ನೀರಿನ ಕರ. ಅದನ್ನು ವರ್ಷಗಟ್ಟಲೆ ಬಾಕಿ ಇಟ್ಟು ಪಂಚಾಯ್ತಿಗೆ ಅಧಿಕಾರ ಇಲ್ಲ ಅಂತ ಬೈಯುವುದು, ಬೀಜ ಇಡದೆ ಮಂಡಿಯಲ್ಲಿ ಜಗಳಕ್ಕೆ ನಿಂತ ಹಾಗೆ. 2010ರಿಂದ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಕೆಲವು ಕಡೆ ಕುರ್ಚಿಯಲ್ಲಿ ಸದಸ್ಯೆಯ ಗಂಡ ಕೂರುತ್ತಾನೆ.

ನೀರಿದ್ದವರ ಪಾಡು ಬೇರೆ ಅಂದುಕೊಂಡಿದ್ದೆ. ಮಗಳನ್ನು ಕೊಟ್ಟದ್ದು ಹರಿಹರ ತಾಲ್ಲೂಕಿಗೆ, ಭದ್ರಾ ನಾಲೆಯ ಕೊನೆ ಭಾಗಕ್ಕೆ. ಭತ್ತದ ಗದ್ದೆ. ನೀರು ಯಾವತ್ತು ಬಿಡಬೇಕೆಂದು ತೀರ್ಮಾನ ಮಾಡುವುದು ನೀರಾವರಿ ಸಲಹಾ ಸಮಿತಿ. ಮೇಲಿನವರು ಪಂಪು ಇಟ್ಟು ಎಳೆದರೆ ಕೊನೆಯವರಿಗೆ ಬರಿ ಕಾಲುವೆ. ಬೀಗರು ವರ್ಷ ಬಿಟ್ಟು ವರ್ಷ ರಸ್ತೆಯಲ್ಲಿ ಕೂರುತ್ತಾರೆ. ನಾನು ಮೋಡ ನೋಡುತ್ತೇನೆ, ಅವರು ತೂಬು ನೋಡುತ್ತಾರೆ. ಮೋಡಕ್ಕೆ ಪಕ್ಷಪಾತ ಇಲ್ಲ, ಅಷ್ಟೇ ನನ್ನ ಲಾಭ.

ಹಾಗಂತ ಯಾರ ಹಂಗೂ ಇಲ್ಲದೆ ಒಬ್ಬನೇ ಬದುಕುವುದು ಸ್ವಾಯತ್ತತೆಯಲ್ಲ. ಹರಿಹರಕ್ಕೆ ಹೋದಾಗ ಹರಿಹರೇಶ್ವರನನ್ನು ನೋಡಿ. 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಮೈ ಒಂದೇ ಆದರೂ ಹರನ ಕೈಯದು ಹರನಿಗೆ, ಹರಿಯ ಕೈಯದು ಹರಿಗೆ. ಮುಯ್ಯಾಳು ಹೋಗುವುದೂ ಹೀಗೇ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ.

ನವಣೆ ಬೀಜ ಎಕರೆಗೆ ಮೂರು ನಾಲ್ಕು ಕಿಲೋ ಸಾಕು. ಮೊದಲ ಬಿತ್ತನೆ ಕೈಕೊಟ್ಟರೆ ಮರುಬಿತ್ತನೆಗೆ ಇರಲಿ ಎಂದು ನಾವು ಎಂಟು ಕಿಲೋ ಇಡುತ್ತೇವೆ. ತೆನೆ ಆರಿಸುವುದು ಹೊಲದ ನಡುವಿನಿಂದ, ಬದುವಿನ ಪಕ್ಕದಿಂದ ಬೇಡ. ಒಂದೆರಡು ದೊಡ್ಡ ತೆನೆ ನೋಡಿ ಮರುಳಾಗದೆ ಹತ್ತಾರು ಗಿಡದಿಂದ ತೆಗೆಯಿರಿ. ಬೆಳೆ ನಿಂತಿರುವಾಗಲೇ ಗುರುತು ಕಟ್ಟಿದರೆ ಸುಲಭ. ಕೇಳಿ ಬಂದವರಿಗೆ ಒಂದು ಸೇರು ಕೊಡುತ್ತೇವೆ, ಸುಗ್ಗಿಯಲ್ಲಿ ಒಂದೂವರೆ ಸೇರು ವಾಪಸು. ಹೋದ ವರ್ಷ ಮೂರು ಮನೆಯವರು ಒಯ್ದರು. ಇಬ್ಬರು ತಂದುಕೊಟ್ಟಿದ್ದಾರೆ.